ಅವ್ವ ಒಳಗಿದ್ದಾಳೆ

ಕುಂಕಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೀನು, ಸೀಗಡಿ ಹೆಪ್ಪುಗಟ್ಟಿಸಿ ಪೆಟ್ಟಿಗೆ ತುಂಬಿ ಕಳಿಸುವ ಕಾರ್ಖಾನೆಯೊಂದಿತ್ತು. ಅಲ್ಲಿ ನಾನು ಟೈಮ್ ಆಫೀಸಿನ ಕ್ಲಾರ್ಕು, ಅವ್ವ ಒಳಗೆ ಸೀಗಡಿ ಸುಲಿಯುವವಳು. ಇಬ್ಬರೂ ಬೆಳಿಗ್ಗೆ ಮಡಗಾಂವಿನಿಂದ ಒಂದೇ ಬಸ್ಸಿಗೆ ಬಂದು, ಗೇಟಿನ ಒಂದೇ ಹಾಜರಿ ಯಂತ್ರಕ್ಕೆ ಕಾರ್ಡು ಹಿಡಿಯುತ್ತಿದ್ದೆವು. ಆದರೆ ನಾನು ಕಂಪನಿಯವಳು, ಅವ್ವ ಗುತ್ತಿಗೆಯವಳು. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಸೈರನ್ ಕೂಗಿದ ದಿನ.

ಕೋಲ್ಡ್ ಸ್ಟೋರೇಜಿಗೆ ಅಮೋನಿಯಾ ಗ್ಯಾಸು ಬೇಕು. ಅದು ಸೋರಿದರೆ ಎಲ್ಲರೂ ಗೇಟಿನ ಹತ್ತಿರ ಓಡಿ ಬರಬೇಕು. ಅವತ್ತು ಅದರ ತಾಲೀಮು. ಬೆಳಿಗ್ಗೆ ನಾನು ಪ್ರಿಂಟ್ ಮಾಡಿಕೊಟ್ಟ ಪಟ್ಟಿ ಹಿಡಿದು ಸೇಫ್ಟಿ ಆಫೀಸರು ಹೆಸರು ಕೂಗಿದರು, ಟಿಕ್ ಹಾಕಿದರು, ಎಲ್ಲರೂ ಹೊರಬಂದರು ಎಂದು ಘೋಷಿಸಿದರು. ಆಮೇಲೆ ಎಷ್ಟೋ ಹೊತ್ತಿಗೆ ಗಂಬೂಟು ಸಪ್ಪಳ ಮಾಡುತ್ತ ಅವ್ವ ಬಂದಳು.

“ಯಾಕ ಎಲ್ಲಾರೂ ಬಿಸಿಲಾಗ ನಿಂತೀರಿ?” ಎಂದಳು.

ಮಷೀನಿನ ಗದ್ದಲದಲ್ಲಿ ಸುಲಿಯುವ ಹಾಲ್‌ನಲ್ಲಿ ಸೈರನ್ ಕೇಳಿಸಿರಲೇ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಆಫೀಸರು ಬೆಳಗಾವಿ ಕಡೆಯವರು, ನಮ್ಮ ಮಾತಿನವರೇ. ನೆಟ್ಟಗೆ ಹೋಗಿ ಕೇಳಿದೆ.

“ಅವರು ಕಾಂಟ್ರ್ಯಾಕ್ಟ್ ಮಂದಿ ತಂಗಿ. ನಮ್ಮ ಲಿಸ್ಟಿನ್ಯಾಗ ಬರೂದಿಲ್ಲ.”

“ಗ್ಯಾಸಿಗೆ ನಿಮ್ಮ ಲಿಸ್ಟ್ ಓದಾಕ ಬರ್ತೈತೇನ್ರಿ ಸರ್?”

ಅವರು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡರು.

ನಾನು ಕೊಡುತ್ತಿದ್ದ ಆ ಪಟ್ಟಿ ಕಂಪನಿಯವರದು ಮಾತ್ರ, ಅದೂ ಬೆಳಗಿನ ನಕಲು. ಹತ್ತು ಗಂಟೆಗೆ ಯಾರು ಬಂದರು, ಯಾರು ಹೋದರು ಎಂಬುದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಖರೆ ಲೆಕ್ಕ ಇದ್ದದ್ದು ಪಕ್ಕದ ಕೋಣೆಯ ಸರ್ವರಿನ ಡೇಟಾಬೇಸಿನಲ್ಲಿ. ಕಾರ್ಡು ಹಿಡಿದ ಕ್ಷಣವೇ ಅಲ್ಲಿ ದಾಖಲಾಗುತ್ತಿತ್ತು, ಅವ್ವನದೂ ಸೇರಿ. ಮಡಗಾಂವಿನ ಕಂಪ್ಯೂಟರ್ ಕ್ಲಾಸಿನಲ್ಲಿ ನಾನೊಂದು ಸಾಫ್ಟ್‌ವೇರ್ ಕಲಿತಿದ್ದೆ. ಅದರಲ್ಲಿ ಕೋಡು ಬರೆಯುವುದೇ ಬೇಡ, ಮೌಸಿನಿಂದಲೇ ಫಾರ್ಮು, ಅಂದರೆ ಮಾಹಿತಿ ತೋರಿಸುವ ಪರದೆ, ಕಟ್ಟಬಹುದು. ಬೇರೆ ಕಡೆಯ ಟೇಬಲ್ಲುಗಳಿಗೆ, ಅಂದರೆ ದಾಖಲೆಯ ಕೋಷ್ಟಕಗಳಿಗೆ, ಲಿಂಕ್ ಕೊಟ್ಟರೆ ನಕಲು ಮಾಡದೆ, ಇದ್ದಲ್ಲಿಂದಲೇ ಓದಿ ತೋರಿಸುತ್ತದೆ.

ಲಿಂಕಿಗೆ ಪಾಸ್‌ವರ್ಡ್ ಬೇಕು. ಅದು ವಾರಕ್ಕೊಮ್ಮೆ ಬರುವ ಕಂಪ್ಯೂಟರಿನವನ ಕೈಯಲ್ಲಿತ್ತು. ಟೈಪ್ ಮಾಡುವ ಹುಡುಗಿಗೆ ಸರ್ವರಿನ ಉಸಾಬರಿ ಯಾಕೆಂದು ಹಿಂದಿಯಲ್ಲಿ ನಕ್ಕ. ಬದಲಿಸಲು ಕೊಡಬೇಡ, ಓದಲು ಮಾತ್ರ ಕೊಡು ಎಂದೆ. ಮುಂದಿನ ವಾರವೂ ಕೇಳಿದೆ, ಅದರ ಮುಂದಿನ ವಾರವೂ. ನಾಲ್ಕನೇ ವಾರ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತೇಬಿಟ್ಟೆ. ನನ್ನ ಕಾಟ ತಾಳಲಾರದೆ ಟೈಪ್ ಮಾಡಿ ಕೊಟ್ಟ.

ಮೂರು ದಿನದಲ್ಲಿ ಫಾರ್ಮು ಸಿದ್ಧವಾಯಿತು. ಮೇಲೆ ದಪ್ಪ ಅಕ್ಷರದಲ್ಲಿ ಈಗ ಒಳಗಿರುವವರ ಸಂಖ್ಯೆ, ಕೆಳಗೆ ಹೆಸರುಗಳು. ಹತ್ತು ಸೆಕೆಂಡಿಗೊಮ್ಮೆ ತಾನೇ ಹೊಸದಾಗಿ ಓದಿಕೊಳ್ಳುತ್ತಿತ್ತು. ಅರವತ್ತೊಂದು ಎಂದಿತು. ಖುಷಿಯಿಂದ ಅವ್ವನ ಹೆಸರು ಹುಡುಕಿದೆ. ಇರಲಿಲ್ಲ.

ಮತ್ತೆ ಹುಡುಕಿದೆ, ಇಲ್ಲ. ತಪ್ಪು ನನ್ನದೇ. ಕಾರ್ಡುಗಳ ಟೇಬಲ್ಲನ್ನೂ ವಿಭಾಗಗಳ ಟೇಬಲ್ಲನ್ನೂ ಜೋಡಿಸಲು ನಡುವೆ ಮೌಸಿನಿಂದ ಒಂದು ಗೆರೆ ಎಳೆದಿದ್ದೆ. ಎರಡೂ ಕಡೆ ಇರುವವರನ್ನು ಮಾತ್ರ ತೋರಿಸು ಎಂದು ಆ ಗೆರೆಯ ಅರ್ಥ. ಗುತ್ತಿಗೆಯ ಹೆಂಗಸರಿಗೆ ಯಾರೂ ವಿಭಾಗವನ್ನೇ ಬರೆದಿರಲಿಲ್ಲ. ಆಫೀಸರು ಕಾಗದದಲ್ಲಿ ಮಾಡಿದ್ದನ್ನು ಹೆತ್ತ ಮಗಳಾದ ನಾನು ಕಂಪ್ಯೂಟರಿನಲ್ಲಿ ಮಾಡಿದ್ದೆ. ನಾಚಿಕೆಯಿಂದ ಕಣ್ಣು ತುಂಬಿ ಬಂತು. ಗೆರೆಯ ಮೇಲೆ ಎರಡು ಸಲ ಒತ್ತಿದರೆ ಆಯ್ಕೆಗಳು ಬರುತ್ತವೆ. ವಿಭಾಗ ಇರಲಿ ಬಿಡಲಿ, ಕಾರ್ಡು ಇದ್ದವರೆಲ್ಲ ಬರಲಿ ಎಂಬುದನ್ನು ಆರಿಸಿದೆ. ಸಂಖ್ಯೆ ನೂರಾ ನಾಲ್ಕಾಯಿತು. ಅವ್ವ ಬಂದಳು.

ಆಫೀಸರು ನೋಡಿ ಮೊದಲು ಶಹಬ್ಬಾಸ್ ಎಂದರು. ಆಮೇಲೆ ಸಂಖ್ಯೆ ನೋಡಿದರು.

“ಈ ನಲವತ್ತಮೂರು ಮಂದೀನ ತಗದುಬಿಡು. ತಪಾಸಣಿಗೆ ಬಂದವ್ರು, ಕಾಗದದಾಗ ಇಲ್ಲದ ಇಷ್ಟು ಮಂದಿ ಒಳಗ ಹ್ಯಾಂಗ ಅಂತ ಕೇಳ್ತಾರ.”

“ಒಳಗ ಅದಾರಲ್ರಿ ಸರ್, ಅದಕ್ಕ ತೋರಸಾಕತ್ತೈತಿ. ನಾ ತಗಿಯಂಗಿಲ್ಲ.”

ಯೋಚನೆ ಮಾಡು, ನೌಕರಿ ಮಾಡಬೇಕೋ ಬೇಡವೋ ಎಂದು ಹೇಳಿ ಹೋದರು. ಮನೆಯಲ್ಲಿ ಅವ್ವ ನನ್ನ ಮೇಲೆಯೇ ತಿರುಗಿಬಿದ್ದಳು.

“ಹಟ ಬ್ಯಾಡವಾ. ನನ್ನ ಸಲುವಾಗಿ ನೌಕರಿ ಯಾಕ ಕಳಕೋತಿ?”

“ನಿನ್ನ ಸಲುವಾಗಿ ಅಲ್ಲ ಯವ್ವಾ. ನೀ ಒಳಗಿದ್ದಾಗ, ಎಲ್ಲಾರೂ ಬಂದ್ರು ಅಂತ ಅವರು ಒದರೂದನ್ನ ನಾ ಹೊರಗ ಹ್ಯಾಂಗ ಕೇಳ್ಕೋಂತ ನಿಂದರ್ಲಿ?”

ಅವ್ವ ರೊಟ್ಟಿ ಬಡಿಯುವುದು ಜೋರಾಯಿತು.

ಮುಂದಿನ ತಾಲೀಮಿನ ದಿನ ನನ್ನ ದಪ್ಪ ಮಾನಿಟರನ್ನು ಕಿಟಕಿಯ ಕಡೆ, ಹೊರಗಿನವರಿಗೆ ಕಾಣುವಂತೆ ತಿರುಗಿಸಿಟ್ಟೆ. ಬಂದವರೆಲ್ಲ ಕಾರ್ಡು ಹಿಡಿದು ಹೊರಬಿದ್ದರು. ಆಫೀಸರು ಪಟ್ಟಿ ಓದಿ ಎಲ್ಲರೂ ಬಂದರು ಎಂದರು. ಪರದೆಯ ಮೇಲೆ ನಲವತ್ತಮೂರು ಹಾಗೇ ಇತ್ತು. ಫಿಟ್ಟರುಗಳು ನೋಡಿದರು, ಲಾರಿ ಡ್ರೈವರುಗಳು ನೋಡಿದರು, ಯಾರೋ ಒಬ್ಬರು ಇನ್ನೂ ಇಷ್ಟು ಜನ ಒಳಗಿದ್ದಾರಲ್ಲ ಎಂದು ಕೊಂಕಣಿಯಲ್ಲಿ ಕೂಗಿದರು. ಆಫೀಸರು ನನ್ನನ್ನು ದುರುಗುಟ್ಟಿ ನೋಡಿ, ಬೇರೆ ದಾರಿ ಕಾಣದೆ ತಾವೇ ಸುಲಿಯುವ ಹಾಲ್‌ಗೆ ಹೋದರು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮೂವತ್ತು, ಹನ್ನೆರಡು, ಐದು. ಸೈರನ್ನಿನ ಸ್ವಿಚ್ಚು ನನ್ನ ಆಫೀಸಿನಲ್ಲೇ ಇತ್ತು; ಸೊನ್ನೆ ಆಗುವವರೆಗೆ ನಾನು ಅದನ್ನು ಬಂದ್ ಮಾಡಲು ಬಿಡಲಿಲ್ಲ.

ತಿಂಗಳೊಳಗೆ ನನ್ನನ್ನು ಟೈಮ್ ಆಫೀಸಿನಿಂದ ಎತ್ತಿ ಪ್ಯಾಕಿಂಗಿಗೆ ಹಾಕಿದರು. ನನ್ನ ಜಾಗಕ್ಕೆ ಬಂದವರಿಗೆ ಫಾರ್ಮು ನೋಡಲು ಬರುತ್ತಿತ್ತು, ಬಿಚ್ಚಿ ಬದಲಿಸಲು ಬರುತ್ತಿರಲಿಲ್ಲ. ಅಳಿಸಿಬಿಡೋಣವೆಂದರೆ ಅಷ್ಟು ಹೊತ್ತಿಗೆ ಮೇಲಿನವರಿಗೂ ಅದು ಬೇಕಾಗಿತ್ತು. ಕೊನೆಗೆ ಒಂದು ಮಧ್ಯಾಹ್ನ ಆಫೀಸರೇ ನನ್ನನ್ನು ಹುಡುಕಿಕೊಂಡು ಬಂದರು. ದನಿ ಬೆಣ್ಣೆಯಂತಿತ್ತು.

“ತಂಗಿ, ಆ ಹೆಣ್ಣಮಕ್ಕಳನ್ನ ಲಿಸ್ಟಿನಿಂದ ತಗಿಯೂದು ಹ್ಯಾಂಗ, ಅಷ್ಟ ಹೇಳಿಬಿಡವಾ.”

ಎರಡು ನಿಮಿಷದ ಕೆಲಸ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಈಗಲೂ.

“ಮರ್ತೀನ್ರಿ ಸರ್” ಎಂದು, ಕೈಯಲ್ಲಿದ್ದ ಪೆಟ್ಟಿಗೆಗೆ ಟೇಪು ಹಚ್ಚಿದೆ.