ನೀಲಗಿರಿ ಚಿಗುರು ಮುರಿಯುವ ಅಕ್ಕಯಮ್ಮ

ನನ್ನ ಅತ್ತೆ ಅಕ್ಕಯಮ್ಮನವರಿಗೆ ನನ್ನ ಗಂಡ ಮನೋಹರ್ ಒಬ್ಬನೇ ಮಗು ಅಂತ ಶ್ರೀರಾಂಪುರದ ನಮ್ಮ ಬೀದಿಯವರೆಲ್ಲ ತಿಳಿದಿದ್ದಾರೆ. ಅವನಿಗಿಂತ ಮೊದಲು ಒಂದು ಹೆಣ್ಣು ಮಗು ಇತ್ತು. ಚೂಡಾಮಣಿ ಅಂತ ಹೆಸರು. ಆಗಷ್ಟೇ ಗೋಡೆ ಹಿಡಿದು ನಿಲ್ಲುವುದು ಕಲಿತಿತ್ತಂತೆ, ವಾಂತಿಭೇದಿ ಶುರುವಾಗಿ ತೀರಿಹೋಯಿತು. ತಾವರೆಕೆರೆ ಆಚೆ ಇರುವ ನಮ್ಮ ಒಂದು ಎಕರೆ ಹೊಲದಲ್ಲಿ ಮಣ್ಣು ಮಾಡಿದರು. ಹೊಲದಲ್ಲಿ ಎಲ್ಲಿ ಅಂತ ಮಾತ್ರ ಅತ್ತೆಗೆ ಗೊತ್ತಿರಲಿಲ್ಲ. ಹೆಂಗಸರು ಮಣ್ಣಿಗೆ ಹೋಗುವ ಹಾಗಿರಲಿಲ್ಲ. ಹೋದವರು ಮಾವ ಮುನಿಸ್ವಾಮಿ ಮತ್ತು ಅವರ ಅಪ್ಪ, ಇಬ್ಬರೇ. ಜಾಗ ತಾಯಿಗೆ ತಿಳಿದರೆ ಮುಂದೆ ಬಸಿರು ನಿಲ್ಲುವುದಿಲ್ಲ ಅಂತ ಆ ಮುದುಕ ಹೇಳಿಬಿಟ್ಟ. ಯಾವ ಶಾಸ್ತ್ರದಲ್ಲಿ ಓದಿದ್ದನೋ! ನಾನು ನೋಡಿಯೇ ಇಲ್ಲದ ಆ ಮನುಷ್ಯನ ಮೇಲೆ ನನಗೆ ಈಗಲೂ ಮೈ ಉರಿಯುತ್ತೆ.

ಮರುವರ್ಷ ಮಾವನಿಗೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸ ಕಾಯಂ ಆಯಿತು. ಸಂಸಾರ ಶ್ರೀರಾಂಪುರಕ್ಕೆ ಬಂತು. ಹೊಲದಲ್ಲಿ ರಾಗಿ ಮಾಡುವವರು ಯಾರೂ ಇಲ್ಲದೆ ಮಾವ ನೀಲಗಿರಿ ನೆಟ್ಟರು. ಆಗ ಪಟ್ಟಣ ಸೇರಿದವರೆಲ್ಲ ನೆಡುತ್ತಿದ್ದದ್ದು ಅದನ್ನೇ. ಅದಕ್ಕೆ ಕಾವಲು ಬೇಡ, ಕಳೆ ತೆಗೆಯುವುದು ಬೇಡ, ದನ ಕೂಡ ಮೂಸಿ ನೋಡುವುದಿಲ್ಲ. ಏಳೆಂಟು ವರ್ಷಕ್ಕೊಮ್ಮೆ ಸೌದೆಯವನು ಬಂದು ಕಡಿದುಕೊಂಡು ಹೋಗುತ್ತಿದ್ದ. ಬುಡದ ಬೊಡ್ಡೆಯಿಂದ ಮತ್ತೆ ಚಿಗುರು ಬಂದು ಮರವಾಗುತ್ತಿತ್ತು.

"ಒಂದ್ಸಲ ನೆಟ್ರೆ ಸಾಕು, ಕಡ್ದಂಗೆಲ್ಲ ಬರ್ತದೆ" ಅಂತ ಮಾವ ಊಟಕ್ಕೆ ಕೂತು ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದರಂತೆ. ಬಡಿಸುತ್ತಿದ್ದ ಅತ್ತೆಗೆ ಆ ಮಾತು ಬೇರೆಯೇ ಆಗಿ ಕೇಳುತ್ತಿತ್ತು. ತನ್ನ ಮಗುವಿನ ಎದೆ ಮೇಲೆ ಮರ ನೆಟ್ಟ ಗಂಡಸು, ಕಡಿದರೂ ಹೋಗದ ಮರ. ಮನೋಹರ್ ಹುಟ್ಟಿದ ಮೇಲೆ ಒಂದು ಸಲ ಧೈರ್ಯ ಮಾಡಿ ಕೇಳಿದರಂತೆ, ಮಗುವನ್ನು ಎಲ್ಲಿಟ್ಟಿರಿ ಅಂತ. ಮಾವ ತಲೆ ತಗ್ಗಿಸಿ, "ಈಗೆಲ್ಲ ಮರ ಆಗೋಗದೆ. ತಿಳ್ಕೊಂಡು ಏನ್ ಮಾಡ್ತೀಯ" ಅಂದರು. ಅತ್ತೆ ಮತ್ತೆ ಕೇಳಲಿಲ್ಲ. ಆದರೆ ಕ್ಷಮಿಸಲೂ ಇಲ್ಲ.

ಐದು ವರ್ಷದ ಹಿಂದೆ ಮಾವ ಹೋದರು. ಹರಿಶ್ಚಂದ್ರ ಘಾಟಿನಲ್ಲಿ ಸುಟ್ಟು ಬಂದೆವು. ಅತ್ತೆಯ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ನೆಂಟರು ಮೂಲೆಯಲ್ಲಿ ಕೂತು ಗುಸುಗುಸು ಅಂದರು. ತಿಥಿ ಮುಗಿದದ್ದೇ ತಡ, ಅತ್ತೆ ಸೌದೆಯವನಿಗೆ ಫೋನ್ ಮಾಡಿಸಿ ತೋಪನ್ನೆಲ್ಲ ಕಡಿಸಿಬಿಟ್ಟರು.

"ಇದೇ ಕೊನೆ. ಇನ್ನು ನನ್ ಮಗಳ ಮೇಲೆ ಮರ ನಿಲ್ಬಾರ್ದು. ರಾಗಿ ಚೆಲ್ತೀನಿ" ಅಂದರು.

ನೀಲಗಿರಿಗೆ ಈ ಮಾತು ಯಾರು ಹೇಳಬೇಕು? ಮೊದಲ ಮಳೆ ಬಿದ್ದದ್ದೇ ಪ್ರತಿ ಬೊಡ್ಡೆಯ ಸುತ್ತ ಕೆಂಪು ಚಿಗುರು ಮುತ್ತಿಕೊಂಡಿತು. ಮನೋಹರನಿಗೆ ಶ್ರೀರಾಂಪುರದಲ್ಲಿ ಎಲೆಕ್ಟ್ರಿಕಲ್ ಅಂಗಡಿ, ಅವನಿಗೆ ಎಲ್ಲ ಬೇಗ ಆಗಬೇಕು. "ಜೆಸಿಬಿ ತರ್ಸಿ ಬೊಡ್ಡೆ ಕೀಳಿಸ್ಬಿಡೋಣ ಅಮ್ಮ, ಒಂದಿನದ ಕೆಲ್ಸ" ಅಂದ.

"ಅದ್ರ ಬಕೆಟ್ಟಲ್ಲಿ ಏನ್ ಎದ್ದು ಬರುತ್ತೋ ನಿಂಗೊತ್ತೇನೋ?"

"ಇಷ್ಟು ವರ್ಷ ಆದ್ಮೇಲೆ ಏನಿರುತ್ತಮ್ಮ? ಮಣ್ಣಾಗಿರುತ್ತೆ."

"ಆ ಮಣ್ಣೇ ಕಣೋ ನನ್ ಮಗಳು."

ಮನೋಹರ್ ಜೆಸಿಬಿ ಮಾತು ಅಲ್ಲಿಗೇ ಬಿಟ್ಟ. ಆಮೇಲೆ ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದು, ಬೊಡ್ಡೆಗೆ ಔಷಧಿ ಬಳಿದರೆ ಬೇರು ಸಮೇತ ಸಾಯುತ್ತೆ ಅಂತ ಹೇಳಿ ನೋಡಿದ. ಮಗು ಮಲಗಿರುವ ಕಡೆ ವಿಷ ಹುಯ್ಯಬೇಕಾ ಅಂತ ಅತ್ತೆ ಕೇಳಿದರು. ಅವತ್ತಿಗೆ ಆ ಮಾತೂ ಮುಗಿಯಿತು.

ಹಾಗಾಗಿ ಉಳಿದದ್ದು ಕೈ ಕೆಲಸ. ಮೊಣಕಾಲು ನೋವಿನ ಹೆಂಗಸು ವಾರ ವಾರ ಮೆಜೆಸ್ಟಿಕ್‌ಗೆ ಹೋಗಿ ತಾವರೆಕೆರೆ ಬಸ್ಸು ಹತ್ತುತ್ತಿದ್ದರು. ಹಳೇ ಟವೆಲಿನಲ್ಲಿ ಸುತ್ತಿದ ಮಚ್ಚು ಬ್ಯಾಗಿನಲ್ಲಿ, ಅದರ ಮೇಲೆ ಬುತ್ತಿ. ಒಂದು ಸಲ ಕಂಡಕ್ಟರ್ ಅದನ್ನು ನೋಡಿ "ಏನಜ್ಜಿ, ಯಾರ್ನ ಹೊಡಿಯಕ್ಕೆ ಹೊರಟ್ರಿ?" ಅಂತ ಕೇಳಿದ. "ನಮ್ಮೆಜಮಾನ್ರು ನೆಟ್ಟಿದ್ದನ್ನ" ಅಂದರು ಅತ್ತೆ. ಬಸ್ಸಿನವರೆಲ್ಲ ನಕ್ಕರು. ಅತ್ತೆ ನಗಲಿಲ್ಲ.

ಭಾನುವಾರ ನನ್ನ ರಜೆಯಾದ್ದರಿಂದ ನಾನೂ ಜೊತೆಗೆ ಹೋಗುತ್ತಿದ್ದೆ. ಗೊಣಗಿಕೊಂಡೇ ಹೋಗುತ್ತಿದ್ದೆ, ಸುಳ್ಳೇಕೆ. ಮೊದಮೊದಲು ಇಬ್ಬರೂ ಚಿಗುರನ್ನು ಮಚ್ಚಿನಲ್ಲಿ ಕತ್ತರಿಸಿ ಬಂದೆವು. ಮುಂದಿನ ಸಲ ಹೋದರೆ ಒಂದು ಕಡ್ಡಿ ಕಡಿದ ಕಡೆ ನಾಲ್ಕು ನಿಂತಿದ್ದವು. ನನಗೆ ಅಳು ಬಂತು. ಅತ್ತೆ ಬೊಡ್ಡೆ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬ ಹೊತ್ತು ನೋಡಿದರು. ಆಮೇಲೆ ಮಚ್ಚು ತಿರುಗಿಸಿ ಅದರ ಬೆನ್ನಿನಿಂದ ಚಿಗುರಿನ ಬುಡಕ್ಕೆ ಹೊಡೆದರು. ಚಿಗುರು ತೊಗಟೆ ಸಮೇತ ಕಿತ್ತು ಬಂತು. ಆ ಜಾಗದಲ್ಲಿ ಮತ್ತೆ ಹುಟ್ಟಲಿಲ್ಲ. ಅಂದಿನಿಂದ ಅದೇ ಕ್ರಮ. ಬೊಡ್ಡೆ ಸುತ್ತ ಕೈಯಲ್ಲಿ ಮಣ್ಣು ಸರಿಸಿ, ನೆಲದೊಳಗಿನ ತನಕ ತೊಗಟೆ ಸುಲಿದು, ಮತ್ತೆ ಮಣ್ಣು ಮುಚ್ಚುವುದು. ಮಣ್ಣು ಸರಿಸುವಾಗ ಅವರ ಬೆರಳು ಮೆಲ್ಲಗೆ, ಹೆದರಿ ಹೆದರಿ ಹೋಗುತ್ತಿತ್ತು. ಯಾಕೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎಲೆ ಬಿಡುವುದಕ್ಕೆ ಅವಕಾಶವೇ ಕೊಡದಿದ್ದರೆ ಬೇರು ಎಷ್ಟು ದಿನ ಅಂತ ಉಪವಾಸ ಇರುತ್ತೆ? ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಿಗುರು ಸಣಕಲಾಯಿತು, ಆಮೇಲೆ ಅಲ್ಲೊಂದು ಇಲ್ಲೊಂದು ಉಳಿಯಿತು. ಮೂರನೇ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಹೋದೆವು, ಮುರಿಯುವುದಕ್ಕೆ ಏನೂ ಇರಲಿಲ್ಲ. ಹೊಲವೆಲ್ಲ ಬೋಳು. ಒಣಗಿ ಬಿರುಕು ಬಿಟ್ಟ ಬೊಡ್ಡೆಗಳಷ್ಟೇ ನಿಂತಿದ್ದವು. ಅಷ್ಟು ವರ್ಷ ಮರ, ಆಮೇಲೆ ಪೊದೆ. ಆ ನೆಲ ಪೂರ್ತಿಯಾಗಿ ಕಣ್ಣಿಗೆ ಬಿದ್ದದ್ದು ಅವತ್ತೇ.

ಅತ್ತೆ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಮಾವ ಹಗ್ಗ ಹಿಡಿದು ನೆಟ್ಟಿದ್ದರೆಂದು ಕಾಣುತ್ತೆ, ಸಾಲುಗಳು ಒಂದಿಷ್ಟೂ ಸೊಟ್ಟ ಇರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದರ ಹಿಂದೆ ಒಂದು ಬೊಡ್ಡೆ.

"ಬಿಂದು, ಅಲ್ನೋಡು" ಅಂದರು.

ಪೂರ್ವದ ಕಡೆ ಒಂದು ಸಾಲಿನಲ್ಲಿ ಎರಡು ಬೊಡ್ಡೆ ಇರಲಿಲ್ಲ. ಅಲ್ಲಿ ಬರೀ ನೆಲ.

ಸಸಿ ಸತ್ತಿರಬಹುದು ಅಂತ ನಾನು ಹೇಳುವಷ್ಟರಲ್ಲಿ ಅತ್ತೆ ಪಕ್ಕದ ಹೊಲಕ್ಕೆ ಇಳಿದಿದ್ದರು. ಅದು ಸೊಣ್ಣಪ್ಪನವರ ಹೊಲ. ಮಾವನ ವಾರಿಗೆಯವರು, ನೀಲಗಿರಿ ನೆಡುವಾಗ ಗುಂಡಿ ತೆಗೆಯಲು ಬಂದಿದ್ದವರು. ಅವರೆಕಾಯಿ ಬಿಡಿಸುತ್ತಿದ್ದರು. ಅತ್ತೆ ಆ ಜಾಗಕ್ಕೆ ಕೈ ತೋರಿಸಿ, "ಅಣ್ಣ, ಅಲ್ಲ್ಯಾಕೆ ಗಿಡ ಇಲ್ಲ?" ಅಂತ ಕೇಳಿದರು.

ಸೊಣ್ಣಪ್ಪ ಹಣೆಗೆ ಕೈ ಅಡ್ಡ ಇಟ್ಟು ನೋಡಿದರು. "ಅಲ್ಲೇನಾ? ಅಲ್ಲಿ ನಾನು ಗುದ್ದಲಿ ಎತ್ತಿದ್ದೆ ಕಣಮ್ಮ. ಮುನಿಸ್ವಾಮಿ ಓಡ್ಬಂದು ಕೈ ಹಿಡ್ಕೊಂಡ. ಇಲ್ ಬ್ಯಾಡ ಅಂದ. ಯಾಕ್ಲಾ ಅಂದ್ರೆ ಹೇಳ್ಲಿಲ್ಲ. ಆಮೇಕೆ ಎಲ್ರೂ ಹೋದ್ಮೇಲೂ ಅವ್ನೊಬ್ನೇ ಅಲ್ಲೇ ಕೂತಿದ್ದ."

ಅತ್ತೆ ವಾಪಸ್ ಬಂದು ಆ ಖಾಲಿ ಜಾಗದ ಪಕ್ಕದಲ್ಲಿ ಕೂತರು. ಕೈ ಚಾಚಿ ನೆಲ ಮುಟ್ಟಿದರು. ಬುತ್ತಿ ಬಿಚ್ಚಲೇ ಇಲ್ಲ. ನಾನು ದೂರ ನಿಂತುಕೊಂಡೆ.

ವಾಪಸ್ ಬರುವಾಗ ಬಸ್ಸು ಬಿನ್ನಿಪೇಟೆ ಹತ್ತಿರ ಬಂತು. ಮಿಲ್ಲು ಇದ್ದ ಕಡೆ ಈಗ ಎತ್ತರದ ಅಪಾರ್ಟ್‌ಮೆಂಟುಗಳು. ಅದನ್ನು ನೋಡುತ್ತಾ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಗಂಡ ಸತ್ತಾಗ ಅಳದ ಹೆಂಗಸು ತುಂಬಿದ ಬಸ್ಸಿನಲ್ಲಿ ನಾಚಿಕೆ ಬಿಟ್ಟು ಅತ್ತರು.

"ಮಗಳ ಮೇಲೆ ಮರ ನೆಟ್ಟೋರು ಅಂತ ಅಂದ್ಕೊಂಡೇ ಅಷ್ಟು ವರ್ಷ ಅನ್ನ ಇಕ್ಕಿದ್ನಲ್ಲೇ. ಒಂದೇ ಒಂದ್ ಮಾತು ಹೇಳ್ಬಾರ್ದಿತ್ತಾ?"

ನನಗೆ ಮಾವನ ಮೇಲೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂತು. ಅಪ್ಪನ ಮಾತು ಮೀರಲಾಗದೆ ಬಾಯಿಗೆ ಬೀಗ ಹಾಕಿಕೊಂಡು, ಹೆಂಡತಿಯ ಕಣ್ಣಲ್ಲಿ ಕೆಟ್ಟವರಾಗಿಯೇ ಹೋದರು. ಅಂಥ ಒಳ್ಳೆಯತನ ಯಾರಿಗೆ ಬೇಕಿತ್ತು? ಅತ್ತೆಯ ಕೈ ಹಿಡಿದುಕೊಂಡೆ. ಅಂಗೈಯೆಲ್ಲ ಗಂಟುಗಟ್ಟಿತ್ತು.

ಮನೆಗೆ ಬಂದು ಅತ್ತೆಯೇ ಮಗನಿಗೆ ಹೇಳಿದರು, "ಇನ್ನು ಜೆಸಿಬಿ ಕರ್ಸಪ್ಪ. ಜಾಗ ಸಿಕ್ತು." ಸತ್ತ ಬೊಡ್ಡೆಗಳು ನೆಲದಲ್ಲೇ ಇದ್ದರೆ ನೇಗಿಲು ಓಡುವುದಿಲ್ಲವಲ್ಲ.

ಮೂವರೂ ಹೋದೆವು. ಮನೋಹರ್ ಡ್ರೈವರಿಗೆ ಎಲ್ಲ ವಿವರಿಸಿದ. ಅವನು ಮಾಗಡಿ ಕಡೆಯ ಹುಡುಗ. ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ಖಾಲಿ ಜಾಗದ ಹತ್ತಿರ ಬಂದ.

"ಎಷ್ಟು ಬಿಡ್ಲಿ ಅಜ್ಜಿ? ಮಗೂದಲ್ವಾ, ಒಂಚೂರು ಸಾಕಾ?"

"ಒಂಚೂರು ಸಾಲಲ್ಲಪ್ಪ. ಇಬ್ಬರಿಗಾಗೋಷ್ಟು ಬಿಡು" ಅಂದರು ಅತ್ತೆ. "ನಾನೂ ಬರ್ಬೇಕಲ್ಲ."

ಡ್ರೈವರ್ ಮನೋಹರನ ಮುಖ ನೋಡಿದ. ಮನೋಹರ್ ಅಮ್ಮನ ಬ್ಯಾಗಿನಿಂದ ಮಚ್ಚು ತೆಗೆದು, ಅವರ ಎತ್ತರಕ್ಕೆ ಅಂದಾಜು ಮಾಡಿ, ನೆಲದ ಮೇಲೆ ಗೀಟು ಎಳೆದ.