ಉಪ್ಪಿನಕಾಯಿ ಜಾಡಿಯ ತವರು

ತೊಂಬತ್ತರ ದಶಕದ ನಡುವೆ ಕೊಣನೂರಿನಿಂದ ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದವಳು, ಆರೇ ತಿಂಗಳಲ್ಲಿ ಅಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ ಕೂಡ ಆದೆ. ಎರಡು ಕೆಲಸಕ್ಕೂ ಹೊಸಬಳು, ಆದರೆ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಶಾಲೆಯಲ್ಲಿದ್ದದ್ದು ಬಟ್ಟೆ ಅಂಟಿಸಿದ ಒಂದೇ ಒಂದು ಪ್ರಪಂಚದ ಭೂಪಟ. ಅದನ್ನು ನೇತುಹಾಕಿ ಹಳೆಯ ಕಾಲದ ಹಡಗು ವ್ಯಾಪಾರ ಹೇಳುತ್ತಿದ್ದರೆ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಒಂದು ಶುಕ್ರವಾರ ಸಿಟ್ಟು ಬಂದು, "ಸೋಮವಾರ ಚೀನಾದಿಂದಲೇ ಬಂದ ಒಂದು ವಸ್ತು ತಂದು ತೋರಿಸ್ತೀನಿ, ನೋಡ್ತಿರಿ" ಎಂದುಬಿಟ್ಟೆ.

ಆ ಧೈರ್ಯಕ್ಕೆ ಕಾರಣ ಅತ್ತೆಯ ಉಪ್ಪಿನಕಾಯಿ ಜಾಡಿ. ಮಾವಿನ ಮಿಡಿ ಹಾಕಲೆಂದು ಅದನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿದ್ದರು. ಬಿಳಿ ಪಿಂಗಾಣಿಯ ಮೇಲೆ ನೀಲಿ ಹೂಬಳ್ಳಿ. ತಳದಲ್ಲಿ ಚೀನೀ ಅಕ್ಷರಗಳ ಮುದ್ರೆಯಿದ್ದದ್ದನ್ನು ಅವತ್ತು ಬೆಳಿಗ್ಗೆಯಷ್ಟೇ ನೋಡಿದ್ದೆ.

ಸಂಜೆ ಬಂದವಳೇ, "ಅತ್ತೆ, ಈ ಜಾಡಿ ಚೀನಾದ್ದು!" ಎಂದೆ.

"ಯಾವ ಚೀನಾ? ನಮ್ಮಪ್ಪ ಕೊಟ್ಟಿದ್ದು ಕಣೇ. ಚನ್ನರಾಯಪಟ್ಟಣದ್ದು."

ನಾನು ಬಿಡಬೇಕಲ್ಲ! ಅಕ್ಷರ ತೋರಿಸಿ ಪಾಠ ಒಪ್ಪಿಸಿದೆ. ಅತ್ತೆ ಜಾಡಿಯನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟರು. ಮಿಡಿಗಳು ಪಾತ್ರೆಯ ಉಪ್ಪಿನಲ್ಲೇ ಉಳಿದವು. ಚನ್ನರಾಯಪಟ್ಟಣದಲ್ಲಿ ಅವರ ಪೈಕಿ ಈಗ ಯಾರೂ ಇರಲಿಲ್ಲ. ತವರು ಅಂತ ಉಳಿದಿದ್ದದ್ದು ಆ ಜಾಡಿಯೊಂದೇ ಎಂದು ನನಗೆ ಆಮೇಲೆ ಹೊಳೆಯಿತು. ನನ್ನ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ ಅನ್ನಿಸಿತು.

ಶನಿವಾರ ಭೂಪಟ ಸುತ್ತಿಕೊಂಡು ಮನೆಗೆ ತಂದೆ. ಭಾನುವಾರ ಅದನ್ನು ನಡುಮನೆಯಲ್ಲಿ ಹಾಸಿ, "ತಪ್ಪಾಯ್ತು ಅತ್ತೆ. ಜಾಡಿ ನಿಮ್ಮಪ್ಪಂದೇ. ಅವರ ಕೈಗೆ ಬರೋಕೆ ಮುಂಚೆ ಎಲ್ಲಿತ್ತು ಅಂತ ಮಾತ್ರ ತೋರಿಸ್ತೀನಿ" ಎಂದೆ.

ಅತ್ತೆ ಕನ್ನಡಕ ಏರಿಸಿಕೊಂಡು ಮೊದಲು ಚನ್ನರಾಯಪಟ್ಟಣ ಹುಡುಕಿದರು.

"ಇಷ್ಟು ದೊಡ್ಡ ಪ್ರಪಂಚ ಬರ್ದಿದಾರೆ, ನಮ್ಮೂರನ್ನೇ ಬಿಟ್ಬಿಟ್ಟಿದಾರಲ್ಲೇ! ಚೆನ್ನಾಗಿದೆ ನಿಮ್ಮ ಶಾಲೆ!"

ಎದ್ದು ಹೋಗಿ ಕುಂಕುಮ ತಂದು, ನಾನು ತೋರಿಸಿದ ಕಡೆ ಬೊಟ್ಟಿಟ್ಟರು. ಅದು ಅರ್ಧ ಕರ್ನಾಟಕವನ್ನು ನುಂಗಿತು. ಬಹುಶಃ ಹೀಗೆ ಬಂದಿರಬೇಕೆಂದು ನಾನು ಚೀನಾದಿಂದ ಕಡಲ ಮೇಲೆ ಬೆರಳೆಳೆದು, ಮಂಗಳೂರು, ಘಟ್ಟ, ಹಾಸನ ಎನ್ನುತ್ತಾ ಕುಂಕುಮ ಮುಟ್ಟಿಸಿದೆ. ಅತ್ತೆಯ ಬೆರಳೂ ಅದೇ ದಾರಿಯಲ್ಲಿ ಎರಡು ಸಲ ಹೋಗಿ ಬಂತು.

"ಅಯ್ಯೋ ಪಾಪ, ಎಷ್ಟು ದೂರಕ್ಕೆ ಕೊಟ್ಬಿಟ್ರೇ ಇದನ್ನ! ನಾನು ಅಲ್ಲಿಂದ ಇಲ್ಲಿಗೆ ಬಂದಿದ್ದಕ್ಕೇ ದಾರಿಯುದ್ದಕ್ಕೂ ಅತ್ತಿದ್ದೆ."

ಕೊಣನೂರಿನಿಂದ ಬರುವಾಗ ನಾನೂ ವ್ಯಾನಿನಲ್ಲಿ ಅತ್ತಿದ್ದೆ. ಅದನ್ನು ಅವತ್ತೇ ಮೊದಲ ಸಲ ಅವರಿಗೆ ಹೇಳಿದೆ.

ಸೋಮವಾರ ಬೆಳಿಗ್ಗೆ ಅತ್ತೆ ಅಟ್ಟದಿಂದ ಇಳಿಸಿಟ್ಟ ಜಾಡಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸಿದ್ಧವಾಗಿತ್ತು. ಕ್ಲಾಸಿನಲ್ಲಿ ಬಟ್ಟೆ ಬಿಚ್ಚಿದ್ದೇ ಮುಂದಿನ ಬೆಂಚಿನ ಹುಡುಗಿ ಮೂಗು ತೂರಿಸಿ, "ಮೇಡಂ, ಚೀನಾನೂ ಉಪ್ಪಿನ್ಕಾಯಿ ವಾಸ್ನೆ ಬತ್ತದೆ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಒಳಗೆ ಕೈಹಾಕಿ ತೆಗೆದರೆ ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಬೆಲ್ಲದಚ್ಚು. ಮನೆಮಗಳನ್ನು ಹೊರಗೆ ಕಳಿಸುವಾಗ ಸೆರಗಿಗೆ ಹಾಕುವ ಮಡಿಲಕ್ಕಿ.

"ಚೀನಾದಾಗೂ ಮಡ್ಲು ತುಂಬ್ತಾರಾ ಮೇಡಂ?"

"ತುಂಬ್ತಾರೆ" ಎಂದೆ. ಪುಸ್ತಕದಲ್ಲಿಲ್ಲದ್ದನ್ನು ಇತಿಹಾಸವೆಂದು ನಾನು ಹೇಳಿದ್ದು ಅದೊಂದೇ ಸಲ.

ಸಂಜೆ ಅತ್ತೆಯ ಮುಂದೆ ಈ ಸುಳ್ಳನ್ನು ಒಪ್ಪಿಕೊಂಡೆ. ಅವರು ಆಗಲೇ ಮಿಡಿಗಳನ್ನು ಜಾಡಿಗೆ ತುಂಬುತ್ತಿದ್ದರು.

"ಸುಳ್ಳು ಯಾಕಾಗುತ್ತೆ? ಅಷ್ಟು ದೂರಕ್ಕೆ ಬರೀ ಮಡಿಲಲ್ಲಿ ಕಳಿಸ್ತಾರೇನೇ?" ಎಂದರು.