ನಾಯಿಗಳ ಬ್ಲಾಗಿಗೆ ಪ್ರೂಫ್ ನೋಡಿದವರು

ನಮ್ಮ ಪ್ರೆಸ್ ಸಾಹೇಬರ ಕತ್ತು ಯಾವಾಗಲೂ ಎಡಕ್ಕೆ ಎರಡು ಬೆರಳಿನಷ್ಟು ವಾಲಿರುತ್ತಿತ್ತು. ಮೊಳೆ ಜೋಡಿಸುವ ಕಾಲದಲ್ಲಿ ಅಚ್ಚಿನ ಅಕ್ಷರಗಳನ್ನು ಉಲ್ಟಾ ಓದಿ ಓದಿ ಹಾಗಾಯಿತು ಎನ್ನುತ್ತಿದ್ದರು. ಅದರಿಂದ ಅವರಿಗೆ ಒಂದು ಅಪಾಯಕಾರಿ ವಿದ್ಯೆಯೂ ಬಂದಿತ್ತು. ಮೇಜಿನ ಆಚೆ ಕೂತವರು ಏನು ಬರೆಯುತ್ತಿದ್ದರೂ ಈಚೆಯಿಂದ ತಲೆಕೆಳಗಾಗಿಯೇ ಓದಿಬಿಡುತ್ತಿದ್ದರು. ತಾಲೂಕು ಆಫೀಸಿಗೆ ಅರ್ಜಿ ಬರೆಯುವವರು ಎರಡನೇ ಸಾಲಿಗೆ ಬರುವಷ್ಟರಲ್ಲಿ, "ಖಾತೆ ಬದಲಾವಣೆಗೆ ಅರ್ಜಿ ಕೊಡ್ತಿದೀರಲ್ಲ, ತಮ್ಮನ್ನ ಬೈಯೋದು ಇದ್ರಲ್ಲಿ ಬೇಡ್ರೀ, ಅದು ಬೇರೆ ಅರ್ಜಿ" ಎನ್ನುತ್ತಿದ್ದರು. ಬೈಯಿಸಿಕೊಳ್ಳಬೇಕಾದ ತಮ್ಮ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿರುವುದೂ ಉಂಟು.

ನಾನು ಅವರ ಕೈಗೆ ಸಿಕ್ಕಿದ್ದು ಹೀಗೆಯೇ. ನಾನು ಕರೆಂಟ್ ಆಫೀಸಿನ ಮೀಟರ್ ರೀಡರ್. ಮನೆ ಶಿಕಾರಿಪುರ, ಕೆಲಸ ಸೊರಬ ತಾಲೂಕಿನ ಹಳ್ಳಿಗಳಲ್ಲಿ. ಸಂಜೆ ಬಸ್ಸು ಬರುವವರೆಗೆ ಸೊರಬದ ಬಸ್ ಸ್ಟ್ಯಾಂಡಿನ ಎದುರು ಇದ್ದ ಅವರ ಅಂಗಡಿಯಲ್ಲಿ ಕೂರುತ್ತಿದ್ದೆ. ಮದುವೆ ಕಾರ್ಡು, ಜೆರಾಕ್ಸ್, ಟೈಪಿಂಗ್, ಪಾಸ್‌ಪೋರ್ಟ್ ಫೋಟೋ ಎಲ್ಲವೂ ಅಲ್ಲೇ. ಒಂದು ದಿನ ನಾನು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ.

"ಮೀಟರಣ್ಣ, ಯೂನಿಟ್ ಬರ್ಕೊಂತಿದೀರಿ ಅಂದ್ಕಂಡಿದ್ದೆ. ಇದೇನ್ರೀ, ಬರೀ ನಾಯಿ?"

ನಾನು ನೋಟ್‌ಬುಕ್ಕು ಮುಚ್ಚಿದೆ. ಮೀಟರ್ ಓದುವವನಿಗೆ ಊರು ಕಾಣುವುದು ನಾಯಿಯ ಕಡೆಯಿಂದ. ಯಾವ ಮನೆಯ ನಾಯಿ ಗೇಟಿನವರೆಗೆ ಬರುತ್ತದೆ, ಯಾವುದು ಸದ್ದಿಲ್ಲದೆ ಹಿಂದಿನಿಂದ ಬರುತ್ತದೆ, ಯಾವುದಕ್ಕೆ ಬಿಸ್ಕತ್ತು ಸಾಕು, ಯಾವುದು ಬಿಸ್ಕತ್ತನ್ನೂ ತಿಂದು ಪ್ಯಾಂಟನ್ನೂ ಹರಿಯುತ್ತದೆ ಎಂದು ವರ್ಷಾನುಗಟ್ಟಲೆ ಬರೆದಿಟ್ಟಿದ್ದೆ. ಪತ್ರಿಕೆಗಳಿಗೆ ಕಳಿಸಿದರೆ ಒಂದು ಉತ್ತರವೂ ಬಂದಿರಲಿಲ್ಲ. ಒಬ್ಬನಾದರೂ ಗುರುತಿಲ್ಲದವನು ಇದನ್ನು ಓದಿ ನಗಬೇಕು ಎಂಬ ಆಸೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ಹೆಂಡತಿಗೂ ಹೇಳಿರಲಿಲ್ಲ, ಅವತ್ತು ಸಾಹೇಬರಿಗೆ ಹೇಳಿದೆ.

"ಪೇಪರ್ನೋರು ಹಾಕಲ್ಲ ಅಂದ್ರೆ ನೀವೇ ಹಾಕ್ಕಳ್ರಿ. ಬ್ಲಾಗ್ ಅಂತ ಐತೆ, ಪುಕ್ಸಟ್ಟೆ" ಎಂದರು.

ಅವರಿಗೆ ಬ್ಲಾಗಿನ ವಿಷಯ ನನಗಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ಕೆಲಸವನ್ನು ಗೊತ್ತಿರುವ ಕೆಲಸದ ಹಾಗೆ ಮಾಡುವುದರಲ್ಲಿ ಎತ್ತಿದ ಕೈ. ಮೊದಲ ಸಾಧನ ಎಂದು ಉಳಿದುಹೋದ ಮದುವೆ ಕಾರ್ಡುಗಳ ಒಂದು ಕಟ್ಟು ಕೊಟ್ಟರು. ಒಂದು ಕಾರ್ಡಿನ ಹಿಂದೆ ಒಂದೇ ನಾಯಿ, ಅಲ್ಲಿಗೆ ಮುಗಿಯಬೇಕು. "ಕಾರ್ಡಿಗೆ ಹಿಡಿಸದೇ ಇದ್ದಿದ್ದು ಬಸ್ಸಲ್ಲಿ ನಿಂತ್ಕಂಡು ಓದೋನ ತಲೆಗೂ ಹಿಡ್ಸಲ್ಲ" ಎಂಬುದು ಅವರ ಲೆಕ್ಕಾಚಾರ. ಯಾರದ್ದೋ ಶುಭವಿವಾಹದ ಬೆನ್ನಿಗೆ ನಾನು ಕುಬಟೂರಿನ ದೇವಸ್ಥಾನದ ಬಳಿ ಮಲಗುವ ಕುಂಟನಾಯಿಯನ್ನು ಬರೆದೆ.

ಮೊದಲ ಬರಹವನ್ನು ಸಾಹೇಬರೇ ಟೈಪ್ ಮಾಡಿದರು. ಇಪ್ಪತ್ತು ವರ್ಷದಿಂದ ಕಾರ್ಡು ಮಾಡುತ್ತಿದ್ದ ಹಳೇ ಫಾಂಟಿನಲ್ಲಿ ಚೆಂದವಾಗಿ ಕುಟ್ಟಿ, ಅದನ್ನು ಎತ್ತಿ ಬ್ಲಾಗಿಗೆ ಅಂಟಿಸಿದರು. ಅವರ ಕಂಪ್ಯೂಟರಿನಲ್ಲಿ ಮುದ್ದಾದ ಕನ್ನಡ. ನಾನು ಬಸ್ಸಿನಲ್ಲಿ ಕೂತು ಇದ್ದಬದ್ದವರಿಗೆಲ್ಲ ಲಿಂಕ್ ಕಳಿಸಿದೆ. ಮನೆ ಮುಟ್ಟಿದಾಗ ನಮ್ಮ ಮನೆಯಾಕೆ ಮೊಬೈಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಪರದೆಯ ತುಂಬ ಬಾಲ ಬಂದ ಇಂಗ್ಲಿಷ್ ಅಕ್ಷರ, ಡಾಲರು, ಪ್ರಶ್ನಾರ್ಥಕ ಚಿಹ್ನೆ.

"ನಾಯಿ ಬಗ್ಗೆ ಬರ್ದೇನಿ ಅಂದ್ರಿ. ಇದನ್ನ ನೋಡಿದ್ರ ನಾಯಿನೇ ಬರ್ದಂಗ ಐತಲ್ರೀ" ಎಂದಳು.

ಮರುದಿನ ಸಾಹೇಬರು ಮುಖ ಸಣ್ಣ ಮಾಡಿಕೊಂಡು, ಯಾರನ್ನೋ ಕೇಳಿ ತಿಳಿದುಕೊಂಡಿದ್ದನ್ನು ಹೇಳಿದರು: ಹಳೇ ಫಾಂಟು ಅವರ ಕಂಪ್ಯೂಟರಿನ ಹೊಸಿಲು ದಾಟುವುದಿಲ್ಲ, ಎಲ್ಲರ ಮೊಬೈಲಿನಲ್ಲೂ ಕಾಣಬೇಕಾದರೆ ಯೂನಿಕೋಡಿನಲ್ಲೇ ಬರೆಯಬೇಕು. ಅರವತ್ತು ದಾಟಿದ ಮನುಷ್ಯ ಒಂದು ವಾರ ಕೂತು ಹೊಸ ಕೀಲಿಗಳನ್ನು ಕಲಿತರು. ಆಮೇಲೆ ನನ್ನ ಮೊಬೈಲಿಗೂ ಕನ್ನಡ ಕೀಬೋರ್ಡ್ ಹಾಕಿಕೊಟ್ಟರು. ನನ್ನ ದಪ್ಪ ಬೆರಳಿಗೆ ಅದು ಒಗ್ಗದೆ ಇದ್ದಾಗ, ಮಾತಾಡಿದರೆ ತಾನೇ ಬರೆದುಕೊಳ್ಳುವ ಮೈಕಿನ ಗುರುತು ತೋರಿಸಿದರು. ನಾನು ಅಂಗಡಿಯ ಬಾಗಿಲಲ್ಲೇ ನಿಂತು ಗಂಭೀರವಾಗಿ ಒದರಿದೆ. ಬಂದದ್ದು ಹೀಗೆ: "ಕುಪ್ಪಗಡ್ಡೆಯ ಕೆಂಪು ನಾಯಿಗೆ ವಯಸ್ಸಾಗಿದೆ ಶಿರಾಳಕೊಪ್ಪ ಶಿಕಾರಿಪುರ ಹತ್ರೀ ಹತ್ರೀ ಅದರ ಕಣ್ಣಲ್ಲಿ ಹಿಂದೆ ಜಾಗ ಐತೆ." ಕಂಡಕ್ಟರನೂ ನನ್ನ ಜೊತೆ ಲೇಖಕನಾಗಿಬಿಟ್ಟಿದ್ದ. ಸಾಹೇಬರು ಕತ್ತನ್ನು ಇನ್ನಷ್ಟು ವಾಲಿಸಿ ನಕ್ಕು ನಕ್ಕು ಕೆಮ್ಮಿದರು. ಅವತ್ತಿನಿಂದ ನಾನು ಜೆರಾಕ್ಸ್ ಮಿಷನ್ನಿನ ಹಿಂದಿನ ಸಂದಿಯಲ್ಲಿ ಮುಖ ತೂರಿಸಿಕೊಂಡು ಮಾತಾಡುತ್ತಿದ್ದೆ. ಗಿರಾಕಿಗಳು ಇವನಿಗೇನಾಗಿದೆ ಎಂದು ನೋಡುತ್ತಿದ್ದರು.

ಫೋಟೋ ವಿಷಯದಲ್ಲೂ ಅವರದು ಒಂದೇ ಪಾಠ. ನಾನು ನಿಂತು ತೆಗೆದ ಚಿತ್ರಗಳಲ್ಲೆಲ್ಲ ಬರೀ ನಾಯಿಬೆನ್ನು. "ಕಣ್ಣಿನ ಮಟ್ಟಕ್ಕೆ ಕೂತು ತೆಗೀರಿ, ಪಾಸ್‌ಪೋರ್ಟಿಗೆ ತೆಗ್ದಂಗೆ. ನಾಯಿಗೂ ಮುಖ ಐತಲ್ರೀ" ಎಂದರು. ಕೂತು ತೆಗೆದೆ. ಎರಡು ಕಡೆ ಓಡಬೇಕಾಗಿ ಬಂತು, ಚಿತ್ರ ಮಾತ್ರ ಚೆನ್ನಾಗಿ ಬಂತು.

ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆಯೊಂದಿತ್ತು, ಪ್ರೂಫ್. ಹಿಂದೊಮ್ಮೆ ಗಡಿಬಿಡಿಯಲ್ಲಿ ಪ್ರೂಫ್ ತೋರಿಸದೆ ಮದುವೆ ಕಾರ್ಡು ಹೊಡೆದು, ಒಬ್ಬ ಅಜ್ಜನ ಹೆಸರಿನ ಹಿಂದೆ ದಿವಂಗತ ಎಂದು ಬಿದ್ದು, ಕಾರ್ಡಿನ ಕಟ್ಟು ಒಯ್ಯಲು ಆ ಅಜ್ಜನೇ ಬಂದಿದ್ದರಂತೆ. ಅವತ್ತಿನಿಂದ ಯಾರ ವಿಷಯ ಅಚ್ಚಾಗುತ್ತದೋ ಅವರು ನೋಡಿ ಸಹಿ ಹಾಕದೆ ಅಂಗಡಿಯಿಂದ ಒಂದು ಅಕ್ಷರ ಹೊರಗೆ ಹೋಗುತ್ತಿರಲಿಲ್ಲ. ಬ್ಲಾಗಿಗೂ ಅದೇ ಕಾನೂನು. ನಾನು ಮೀಟರ್ ಓದಲು ಹೋಗುವಾಗ ಚೀಲದಲ್ಲಿ ಪ್ರೂಫ್ ಹಾಳೆ ಒಯ್ದು, ನಾಯಿಯ ಯಜಮಾನರಿಗೆ ಓದಿ ಹೇಳಿ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಬಿಲ್ಲು ಕೊಟ್ಟರೆ ಮುಖ ಗಂಟಿಕ್ಕುವ ಜನ ನಾಯಿಯ ಪ್ರೂಫಿಗೆ ಕುರ್ಚಿ ಹಾಕಿ ಕೂರಿಸುತ್ತಿದ್ದರು.

ಒಂದೇ ಒಂದು ಸಲ ನಾನು ಆ ಕಾನೂನು ಮುರಿದೆ. ಉಳವಿಯ ಒಂದು ರೈತರ ಮನೆಯಲ್ಲಿ ಕರಿ ನಾಯಿಯೊಂದಿತ್ತು, ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಆ ಮನೆಯ ಅಜ್ಜಿ ಮಾತ್ರ ಮೀಟರಿನ ಹತ್ತಿರ ಹೋಗಲೂ ಬಿಡದೆ ಜಗಲಿಯಿಂದಲೇ ಕೂಗಾಡುತ್ತಿದ್ದರು. ಮನೆಗೆ ಬಂದವನು ಸಿಟ್ಟಿನಲ್ಲಿ ನಾಯಿಯನ್ನು ಹೊಗಳಿ ಬರೆದು, ನಡುವೆ ಒಂದು ಸಾಲು ಸೇರಿಸಿದೆ: "ನಿಜ ಹೇಳಬೇಕೆಂದರೆ ಆ ಮನೆಗೆ ನಾಯಿಯ ಅಗತ್ಯವೇ ಇಲ್ಲ, ಅಜ್ಜಿ ಇದ್ದಾರೆ." ಸಾಲು ನನಗೇ ಬಹಳ ಹಿಡಿಸಿತು. ಯಾರಿಗೂ ತೋರಿಸದೆ ಮೊಬೈಲಿನಿಂದ ನೇರ ಹಾಕಿಬಿಟ್ಟೆ.

ನಾನು ಹಂಬಲಿಸಿದ ಗುರುತಿಲ್ಲದ ಓದುಗರು ಅವತ್ತು ಸಿಕ್ಕರು. ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಆ ಸಾಲು ಓಡಾಡಿ ಉಳವಿಗೂ ತಲುಪಿತು. ಮುಂದಿನ ಸಲ ಹೋದಾಗ ಗೇಟಿಗೆ ಬೀಗ. ಆ ಮನೆಯ ಮಗ ಆಫೀಸಿಗೆ ಬಂದು ದೂರು ಕೊಟ್ಟ. ನಮ್ಮ ಇಂಜಿನಿಯರು ನನ್ನನ್ನು ಕರೆದು, ಸೋಮವಾರದೊಳಗೆ ಆ ಮೀಟರ್ ಓದಿಕೊಂಡು ಬಾ, ಇಲ್ಲದಿದ್ದರೆ ಬ್ಲಾಗನ್ನೇ ಅಳಿಸಿ ಕ್ಷಮಾಪಣೆ ಬರೆದುಕೊಡು ಎಂದರು. ಅಷ್ಟು ವರ್ಷದ ನಾಯಿಗಳೆಲ್ಲ ಒಂದು ಗುಂಡಿ ಒತ್ತಿದರೆ ಹೋಗಿಬಿಡುತ್ತವೆ ಎಂದು ನೆನೆದು ನನಗೆ ಊಟ ಸೇರಲಿಲ್ಲ.

ಸಾಹೇಬರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಬರಹವನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, "ಅವ್ರಿಗೆ ಮುಟ್ಟಿರೋದು ಒಂದು ಸಾಲು. ಪೂರ್ತಿ ಕೇಳ್ಸಣ ಬರ್ರೀ. ಪ್ರೂಫ್ ತಡವಾಗೈತೆ ಅಷ್ಟೆ" ಎಂದರು. ಭಾನುವಾರ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಉಳವಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡೆ.

ಬಿಳಿ ಪಂಚೆ, ಬಿಳಿ ಗಡ್ಡದ ಹಿರಿಯರೊಬ್ಬರು ಗೇಟಿನ ಹೊರಗೆ ನಿಂತು, "ಅಮ್ಮಾ, ಸೊರಬದ ಪ್ರೆಸ್ಸಿಂದ ಬಂದೀನಿ, ನಿಮ್ಮ ಪ್ರೂಫ್ ಐತೆ" ಎಂದರೆ ಯಾರು ತೆಗೆಯುವುದಿಲ್ಲ? ಅಜ್ಜಿ ತೆಗೆದರು. ನನ್ನನ್ನು ನೋಡಿ, "ಇವ್ನು ಹೊರಗೇ ಇರ್ಲಿ" ಎಂದರು. ನಾನು ಗೇಟಿನಲ್ಲೇ ನಿಂತೆ. ಸಾಹೇಬರು ಜಗಲಿಯ ಮೇಲೆ ಕೂತು ಸುದ್ದಿ ಓದುವವರ ಹಾಗೆ ಗಟ್ಟಿಯಾಗಿ ಓದಿದರು. ಆ ಸಾಲನ್ನೂ ನುಂಗಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಅಜ್ಜಿ ಸಾಹೇಬರ ಎದುರು ಕಾಲು ನೀಡಿ ಕೂತರು. "ಅದೇನು ಸುಳ್ಳಲ್ಲ ಬಿಡಿ. ನಾನಿಲ್ದಿದ್ರೆ ಈ ಮನೇಲಿ ಒಂದು ತೆಂಗಿನಕಾಯಿ ಉಳೀತಿರ್ಲಿಲ್ಲ. ಆದ್ರೆ ಬಾಲ ಅಲ್ಲಾಡಿಸ್ತದೆ ಅಂತ ಬರ್ದಾನಲ್ಲ, ಅದು ತಪ್ಪು. ಊರೋರೆಲ್ಲ ಓದಿದ್ರಂತೆ. ಇನ್ನು ಕಳ್ಳರು ಹೆದರ್ತಾರೇನ್ರೀ? ತೆಗೀರಿ ಅದನ್ನ."

ಸಾಹೇಬರು ಜೇಬಿನಿಂದ ಕೆಂಪು ಪೆನ್ನು ತೆಗೆದು ಬಾಲದ ಸಾಲನ್ನು ಹೊಡೆದು ಹಾಕಿದರು. "ಹೇಳಿ ಅಮ್ಮ, ಏನು ಬರೀಲಿ?"

"ಯಾರನ್ನೂ ಹತ್ರ ಬಿಟ್ಕಳಲ್ಲ ಅಂತ ಬರೀರಿ. ಭಾರೀ ಕೆಟ್ಟ ನಾಯಿ ಅಂತ ಬರೀರಿ."

ಅಷ್ಟರಲ್ಲಿ ಆ ಭಾರೀ ಕೆಟ್ಟ ನಾಯಿ ಒಳಗಿನಿಂದ ಬಂದು, ಮೈಮುರಿದು, ಸಾಹೇಬರ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಸಾಹೇಬರು ನೆಟ್ಟಗೆ ಕೂತರು. ಅವರ ಕತ್ತು ನೆಟ್ಟಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪೆನ್ನು ನಿಲ್ಲಿಸಲಿಲ್ಲ. "ಯಾರನ್ನೂ... ಹತ್ತಿರ... ಬಿಟ್ಟುಕೊಳ್ಳುವುದಿಲ್ಲ" ಎಂದು ಒಂದೊಂದೇ ಪದ ಹೇಳುತ್ತ ಬರೆದು ಮುಗಿಸಿ, ಸಹಿಗೆ ಹಾಳೆ ಚಾಚಿದರು. ಅಜ್ಜಿ ಸಹಿ ಹಾಕಿ ನನ್ನ ಕಡೆ ಕೈ ಬೀಸಿದರು. ನಾನು ಮೀಟರ್ ಓದಿದೆ. ಬ್ಲಾಗು ಉಳಿಯಿತು. ಸಾಹೇಬರು ಹೆಜ್ಜೆ ಎಣಿಸಿದಂತೆ ಗೇಟಿನವರೆಗೆ ನಡೆದು ಬಂದರು. ವಯಸ್ಸಾಯಿತು ಎಂದುಕೊಂಡೆ.

ಹೋದ ವರ್ಷ ಸಾಹೇಬರು ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ಅವರ ಬಗ್ಗೆ ಬರೆಯಬೇಕೆಂದು ಹಲವು ಸಲ ಕೂತು ಎದ್ದೆ. ನನಗೆ ಬರೆಯಲು ಜಾಗ ಕೊಟ್ಟವರು ಅವರೊಬ್ಬರೇ, ಅದನ್ನು ಅವರ ಎದುರು ಒಂದು ದಿನವೂ ಹೇಳಲಿಲ್ಲ. ಕೊನೆಗೆ ಮೇಲಿನಷ್ಟನ್ನೂ ಬರೆದು, ಪ್ರಿಂಟ್ ತೆಗೆಸಿಕೊಂಡು, ಮೊನ್ನೆ ಸೊರಬದ ಅವರ ಮನೆಗೆ ಹೋದೆ. ಸಾಹೇಬರಿಲ್ಲದ ಮೇಲೆ ಪ್ರೂಫ್ ನೋಡಬೇಕಾದವರು ಅವರ ಹೆಂಡತಿಯೇ ತಾನೆ? ಅವರು ಬಾಗಿಲ ಪರದೆಯ ಪಕ್ಕ ಕೂತು ಕೇಳಿದರು. ಕಂಡಕ್ಟರನ ಮಾತು ಬಂದಲ್ಲಿ ಸೆರಗು ಬಾಯಿಗಿಟ್ಟು ನಕ್ಕರು. ಹೆಸರು ಹಾಕುವುದು ಬೇಡ, ಪ್ರೆಸ್ ಸಾಹೇಬರು ಅಂದರೆ ಎಲ್ಲರಿಗೂ ತಿಳಿಯುತ್ತದೆ ಎಂದರು.

"ಬೇರೆ ಏನಾದ್ರೂ ತಪ್ಪು ಐತೇನಮ್ಮ?" ಎಂದು ಕೇಳಿದೆ.

"ಬಸ್ಸಲ್ಲಿ ಮಾತಾಡ್ಲಿಲ್ಲ, ಸಿಟ್ಟಿತ್ತು ಅಂತ ಬರ್ದೀರಲ್ಲ, ಅದು ತಪ್ಪು. ಅವ್ರಿಗೆ ನಾಯಿ ಅಂದ್ರೆ ಜೀವ ಹೋಗೋ ಹೆದರಿಕೆ. ಚಿಕ್ಕೋರಿದ್ದಾಗ ತೊಡೆಗೆ ಕಚ್ಚಿತ್ತು. ನಾಯಿ ಮಲಗಿದ್ರೆ ಆ ಬೀದಿನೇ ಬಿಟ್ಟು ಸುತ್ತಾಕ್ಕೊಂಡು ಬರ್ತಿದ್ರು. ಉಳವಿಯಿಂದ ಬಂದ ದಿನ, ನಾಯಿ ಮುಟ್ಟಿತ್ತು ಅಂತ ಬಟ್ಟೆ ಎಲ್ಲ ನೆನೆಹಾಕಿ ಸ್ನಾನ ಮಾಡಿ ಮಲ್ಗಿದ್ರು, ಎರಡು ದಿನ ಜ್ವರ. ಯಾಕೆ ಹೋಗಿದ್ರಿ ಅಂದೆ. ಮೀಟರಣ್ಣನ ಬ್ಲಾಗ್ ಹೋಗ್ಬಿಡ್ತಿತ್ತು ಅಂದ್ರು."

ಹಾಳೆಯಲ್ಲಿ ಆ ಬಸ್ಸಿನ ಸಾಲು ಹುಡುಕಿದೆ. ಆಮೇಲೆ ಕೆಂಪು ಪೆನ್ನು ತೆಗೆದು, ಇದನ್ನು ಹಾಕಲೇ, ಬಿಡಲೇ ಎಂದು ಕೇಳಿದೆ.

"ಹಾಕ್ರೀ. ಹೆದರ್ಕೊಂಡೇ ಬಂದಿದ್ರು ಅಂತ ಹಾಕ್ರೀ" ಎಂದು ಕೈ ಚಾಚಿ ಹಾಳೆ ಇಸಿದುಕೊಂಡು, ಕೆಳಗೆ ನಿಧಾನವಾಗಿ ಸಹಿ ಹಾಕಿದರು.